ಅಲಾಯ್ ಚಕ್ರಕ್ಕೆ ಮೇಣ ಹಚ್ಚೋ ಮುಂಚೆ

ಮೇಜಿನ ಮೇಲಿರೋ ಈ ಎರಡು ಚಕ್ರ ನೋಡಿ. ಒಂದೇ ಕಾರಿನಿಂದ ಬಿಚ್ಚಿದ್ದು, ಎರಡಕ್ಕೂ ಮೂರು ವಾರದಿಂದ ನೀರು ಬಿದ್ದಿಲ್ಲ. ಬಲಗಡೆ ಇರೋದು ಹಿಂದಿನ ಚಕ್ರ. ಅದರ ಮೇಲೆ ಬರೀ ರಸ್ತೆ ಧೂಳು, ಒದ್ದೆ ಬಟ್ಟೆಯಲ್ಲಿ ಒಂದು ಸಲ ಎಳೆದರೆ ಹೋಗುತ್ತೆ. ಎಡಗಡೆಯ ಮುಂದಿನ ಚಕ್ರ ಮಾತ್ರ ಕಾಫಿಪುಡಿ ಬಳಿದ ಹಾಗಿದೆ. ಉಜ್ಜಿದರೆ ಮೇಲಿನ ಪದರ ಹೋಗಿ, ಅಡಿಯಲ್ಲಿ ಕಿತ್ತಳೆ ಬಣ್ಣದ ಸಣ್ಣ ಸಣ್ಣ ಚುಕ್ಕೆ ಉಳಿದುಬಿಡುತ್ತೆ.

ಕಾರು ಒಂದೇ, ಓಡಿದ ರಸ್ತೆಯೂ ಒಂದೇ. ಈ ಕಾರಿಗೆ ಮುಂದೆ ಡಿಸ್ಕ್ ಬ್ರೇಕು, ಹಿಂದೆ ಡ್ರಮ್. ಬ್ರೇಕ್ ಸವೆದಾಗ ಉದುರೋ ಪುಡಿ ಡ್ರಮ್ಮಾದರೆ ಅದರೊಳಗೇ ಉಳಿಯುತ್ತೆ. ಡಿಸ್ಕಿನ ಪುಡಿಗೆ ಅಡ್ಡಿಯೇ ಇಲ್ಲ, ಸ್ಪೋಕುಗಳ ಸಂದಿಯಿಂದ ಹೊರಬಂದು ಚಕ್ರದ ಮೇಲೇ ಕೂರುತ್ತೆ. ಸಾಲದ್ದಕ್ಕೆ, ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲೋದರಿಂದ ಗಾಡಿ ನಿಲ್ಲಿಸೋ ಕೆಲಸದಲ್ಲಿ ಹೆಚ್ಚಿನ ಪಾಲು ಮುಂದಿನ ಬ್ರೇಕುಗಳ ಮೇಲೇ ಬೀಳುತ್ತೆ.

ಈ ಪುಡಿಯನ್ನ ಸ್ವಲ್ಪ ಕೆರೆದು ಬಿಳಿ ಹಾಳೆಯ ಮೇಲೆ ಉದುರಿಸಿದ್ದೀನಿ. ಹಾಳೆಯ ಕೆಳಗಿರೋದು ಹಳೇ ಸ್ಪೀಕರಿನ ಮ್ಯಾಗ್ನೆಟ್. ಅದನ್ನ ಆಡಿಸಿದ ಕಡೆಗೆಲ್ಲ ಪುಡಿ ಮುಳ್ಳುಮುಳ್ಳಾಗಿ ಎದ್ದು ಹಿಂದೆಯೇ ಬರುತ್ತೆ, ನೋಡಿ. ಕಬ್ಬಿಣ. ಬ್ರೇಕ್ ಡಿಸ್ಕ್ ಬೀಡು ಕಬ್ಬಿಣದ್ದು, ಅದನ್ನ ಒತ್ತಿ ಹಿಡಿಯೋ ಬ್ರೇಕ್ ಪ್ಯಾಡುಗಳಲ್ಲೂ ಬಹಳಷ್ಟರಲ್ಲಿ ಉಕ್ಕಿನ ಎಳೆ ಬೆರೆತಿರುತ್ತೆ. ಎರಡೂ ಉಜ್ಜಿಕೊಂಡಾಗ ಸಿಡಿಯೋ ಕಣ ಬಿಸಿಯಾಗಿರುತ್ತೆ, ಚಕ್ರದ ಮೇಲಿನ ಲ್ಯಾಕರಿಗೆ, ಅಂದರೆ ಪಾರದರ್ಶಕ ರಕ್ಷಣಾ ಪದರಕ್ಕೆ, ಬಡಿದು ಅಂಟಿಕೊಳ್ಳುತ್ತೆ. ಆಮೇಲೆ ಮಳೆ, ಇಬ್ಬನಿ, ತೊಳೆದ ನೀರು ಯಾವುದೋ ಒಂದು ತಗುಲಿ ಅಲ್ಲೇ ತುಕ್ಕು ಹಿಡಿಯುತ್ತೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತೆ, ಉಬ್ಬಿ ಲ್ಯಾಕರಿನೊಳಗೆ ಬೇರು ಬಿಡುತ್ತೆ. ಆ ಕಿತ್ತಳೆ ಚುಕ್ಕೆಗಳು ಇವೇ. ಕಪ್ಪು ಚಕ್ರ ಇರೋರು ನಮ್ಮದರಲ್ಲಿ ಇಲ್ಲ ಅಂತ ನಗಬೇಡಿ. ಅಲ್ಲೂ ಇದೆ, ಕಾಣಿಸಲ್ಲ ಅಷ್ಟೆ.

ಮೇಣ ಆಗಲಿ, ಅದರ ಹಾಗೇ ತೆಳು ಪದರ ಕಟ್ಟೋ ಸೀಲಂಟ್ ಆಗಲಿ ಬ್ರೇಕ್ ಪುಡಿ ಬೀಳೋದನ್ನ ತಡೆಯಲ್ಲ. ಹಚ್ಚಿದ ಮಾರನೇ ದಿನವೂ ಚಕ್ರ ಕೊಳೆಯಾಗುತ್ತೆ. ದುಡ್ಡು ಕೊಟ್ಟು ಹಚ್ಚಿಸಿಕೊಂಡು ಬಂದೋರು ಒಂದು ವಾರದಲ್ಲಿ ಸಿಟ್ಟಾಗೋದು ಇದಕ್ಕೇ. ಪುಡಿಗೂ ಲ್ಯಾಕರಿಗೂ ನಡುವೆ ಒಂದು ತೆಳು ಪರದೆ ಇದ್ದರೆ ಪುಡಿ ಕೂರುತ್ತೆ, ಕಚ್ಚಿಕೊಳ್ಳಲ್ಲ. ಹಾಗಾಗಿ ಮುಂದಿನ ಸಲ ಆಸಿಡ್ಡೂ ಬೇಡ, ಗಟ್ಟಿ ಬ್ರಷ್ಷೂ ಬೇಡ, ಶಾಂಪೂ ನೀರು ಸಾಕು. ಹೊಳಪು ಬಂದರೆ ಕೊಸರು ಅಂದುಕೊಳ್ಳಿ.

ಇನ್ನು ಏನು ಹಚ್ಚಬೇಕು ಅನ್ನೋದು. ಕಾರ್ನೌಬಾ ಮೇಣ ಬ್ರೆಜಿಲ್ಲಿನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುತ್ತೆ. ಸಹಜ ಮೇಣಗಳಲ್ಲಿ ಗಟ್ಟಿಯಾದದ್ದು, ಕರಗೋದು 82ರಿಂದ 86 ಡಿಗ್ರಿ ಸೆಲ್ಸಿಯಸ್ಸಿಗೆ. ಬಾನೆಟ್ಟಿಗೆ ಅದು ಚೆನ್ನ. ಚಕ್ರದ ಬೆನ್ನಿಗೇ ಇರೋ ಡಿಸ್ಕ್ ಮಾತ್ರ ಘಾಟಿ ಇಳಿಯುವಾಗ ನೂರಾರು ಡಿಗ್ರಿ ಮುಟ್ಟುತ್ತೆ. ಆ ಶಾಖ ಪೂರ್ತಿ ಚಕ್ರಕ್ಕೆ ಬರಲ್ಲ ನಿಜ, ಆದರೆ ಡಬ್ಬಿಯಲ್ಲಿರೋ ಮೇಣ ಶುದ್ಧ ಕಾರ್ನೌಬಾ ಅಲ್ಲ. ಹಚ್ಚೋಕೆ ಬರಲಿ ಅಂತ ಎಣ್ಣೆ, ಬೇರೆ ಮೆತ್ತನೆ ಮೇಣ ಬೆರೆಸಿರುತ್ತಾರೆ. ಅದು ಇನ್ನೂ ಬೇಗ ಮೆತ್ತಗಾಗುತ್ತೆ. ಮೆತ್ತಗಾದ ಮೇಣ ಪುಡಿಯನ್ನ ಬಿಡೋ ಬದಲು ಹಿಡಿದುಕೊಳ್ಳುತ್ತೆ. ಓಡೋ ಚಕ್ರದ ಮೇಲೆ ಮೇಣ ಮೂರು ನಾಲ್ಕು ವಾರ ನಿಂತರೆ ಹೆಚ್ಚು. ಚಾರ್ಮಾಡಿ, ಶಿರಾಡಿ, ಆಗುಂಬೆ ದಾರಿಯಲ್ಲಿ ವಾರವಾರ ಓಡಾಡೋರಿಗೆ ಅಷ್ಟೂ ಇಲ್ಲ.

ಸೀಲಂಟ್ ಅನ್ನೋದು ಕೃತಕ ಪಾಲಿಮರ್. ಶಾಖ, ಶಾಂಪೂ ಎರಡನ್ನೂ ಮೇಣಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತೆ, ಚಕ್ರದ ಮೇಲೆ ಮೂರು ತಿಂಗಳು ಬರುತ್ತೆ. ಅದರ ಮೇಲಿನ ಮೆಟ್ಟಿಲು ಸೆರಾಮಿಕ್ ಕೋಟಿಂಗ್, ಗಾಜಿನ ಹಾಗೆ ಗಟ್ಟಿಯಾಗೋ ಲೇಪ. ಸರಿಯಾಗಿ ಮಾಡಿದರೆ ಒಂದೆರಡು ವರ್ಷ. ನನ್ನ ಕೇಳಿದರೆ, ಸ್ವಂತ ಕಾರು ತಾವೇ ತೊಳೆಯೋರಿಗೆ ಸೀಲಂಟ್ ಸಾಕು. ಸೆರಾಮಿಕ್ ಹಾಕಿಸಿದರೆ ನಾಲ್ಕೂ ಚಕ್ರ ಬಿಚ್ಚಿ ಒಳಮೈಗೂ ಹಾಕಿಸಬೇಕು. ಕಾರಿನಲ್ಲಿದ್ದ ಹಾಗೇ ಮುಖಕ್ಕೆ ಮಾತ್ರ ಸವರಿ ಸೆರಾಮಿಕ್ ಬಿಲ್ಲು ಮಾಡಿದರೆ ಅದು ನಷ್ಟದ ಬಾಬತ್ತು, ಪುಡಿ ಹೆಚ್ಚು ಕೂರೋದು ಒಳಮೈಯಲ್ಲೇ.

ಹಚ್ಚೋ ಮುಂಚೆ ನಿಮ್ಮ ಚಕ್ರದ ಮೈ ಯಾವುದು ಅಂತ ಗೊತ್ತಿರಬೇಕು. ಎಲ್ಲವೂ ಅಲ್ಯೂಮಿನಿಯಂ ಅಂತ ಒಂದೇ ಮದ್ದು ಕೊಡಬಾರದು. ಬಣ್ಣ ಹೊಡೆದು ಮೇಲೆ ಕ್ಲಿಯರ್ ಲ್ಯಾಕರ್ ಕೊಟ್ಟ ಚಕ್ರ ತುಂಬ ಸಾಮಾನ್ಯ, ಅದು ಕಾರಿನ ಬಣ್ಣದ ಹಾಗೇ. ಹೊಳಪಿಲ್ಲದ ಮ್ಯಾಟ್ ಫಿನಿಷ್ ಇದ್ದರೆ ಎಣ್ಣೆ ಇರೋ ಮೇಣ, ಪಾಲಿಶ್ ಬೆರೆಸಿದ ಮೇಣ ಮುಟ್ಟಬೇಡಿ, ಅಲ್ಲಲ್ಲಿ ಹೊಳೆದು ತೇಪೆ ಹಾಕಿದ ಹಾಗೆ ಕಾಣುತ್ತೆ. ಮ್ಯಾಟಿಗೇ ಅಂತ ಬರೋ ಸ್ಪ್ರೇ ಸೀಲಂಟ್ ತಗೊಳ್ಳಿ. ಲ್ಯಾಕರೇ ಇಲ್ಲದ, ಪಾಲಿಶ್ ಮಾಡಿದ ಬರೀ ಅಲ್ಯೂಮಿನಿಯಂಗೆ ಆಸಿಡ್ಡೂ ಆಗಲ್ಲ, ಕಾಸ್ಟಿಕ್ ಸೋಡಾದಂಥ ಕ್ಷಾರವೂ ಆಗಲ್ಲ.

ಈಗ ಹೆಚ್ಚಿನ ಕಾರುಗಳ ಟಾಪ್ ಮಾಡೆಲಿಗೆ ಬರ್ತಿರೋ ಡೈಮಂಡ್ ಕಟ್ ಬಗ್ಗೆ ಸ್ವಲ್ಪ ನಿಲ್ಲೋಣ. ಈ ಎರಡು ಚಕ್ರವೂ ಅದೇ. ಮೊದಲು ಪೂರ್ತಿ ಚಕ್ರಕ್ಕೆ ಬಣ್ಣ ಹೊಡೆದು, ಆಮೇಲೆ ಲೇತಿಗೆ ಕಟ್ಟಿ ಮುಖದ ಬಣ್ಣವನ್ನ ತೆಳುವಾಗಿ ಕೆತ್ತಿ ತೆಗೀತಾರೆ. ಬೆಳಕಿಗೆ ಹಿಡಿದರೆ ಗ್ರಾಮಫೋನ್ ತಟ್ಟೆಯ ಹಾಗೆ ಸಣ್ಣ ಗೆರೆ ಕಾಣುತ್ತಲ್ಲ, ಅದು ಲೇತಿನ ಗೆರೆ. ಆ ಬರೀ ಲೋಹದ ಮೇಲೆ ಲ್ಯಾಕರ್ ಮಾತ್ರ ಇರುತ್ತೆ. ಕೆತ್ತಿದ ಮುಖವೂ ಬಣ್ಣದ ಪಕ್ಕವೂ ಸೇರೋ ಅಂಚು ಚೂಪು, ಚೂಪಾದ ಅಂಚಿನ ಮೇಲೆ ಯಾವ ಲ್ಯಾಕರೂ ದಪ್ಪ ನಿಲ್ಲಲ್ಲ. ಫುಟ್‌ಪಾತಿಗೆ ಒರೆಸಿದ ಕಡೆ, ಜಲ್ಲಿ ಬಡಿದ ಕಡೆ, ಇಲ್ಲಾ ಈ ಅಂಚಿನಲ್ಲಿ ತೇವ ಒಳಗೆ ಹೋದರೆ ಲ್ಯಾಕರಿನ ಅಡಿಯಲ್ಲಿ ಬಿಳೀ ದಾರದ ಹಾಗೆ ಹುಳು ಹರಿದ ಗುರುತು ಬೆಳೆಯೋಕೆ ಶುರುವಾಗುತ್ತೆ.

ಉಪ್ಪು ಸೇರಿದರೆ ಅದಕ್ಕೆ ರೆಕ್ಕೆ ಬಂದ ಹಾಗೆ. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ಇಟ್ಟುಕೊಂಡು ಹೋಗುತ್ತೆ. ಅಲ್ಲಿ ಗಾಡಿ ನಿಲ್ಲಿಸಿ ಫೋಟೋ ತೆಗೆದು ಬೆಂಗಳೂರಿಗೆ ಬಂದೋರು ಮನೆ ಸೇರಿದ ಕೂಡಲೇ ಚಕ್ರದ ಒಳಮೈಗೆ ಬರೀ ನೀರಾದರೂ ಹೊಡೀಬೇಕು. ಮರಳಿಗೇ ಗಾಡಿ ಇಳಿಸಿದ್ದರೆ ಅದೇ ದಿನ. ಬಿಳೀ ಗೆರೆ ಒಮ್ಮೆ ಶುರುವಾದರೆ ಮೇಲಿಂದ ಎಷ್ಟೇ ಸೀಲಂಟ್ ಹಚ್ಚಿದರೂ ನಿಲ್ಲಲ್ಲ. ಲ್ಯಾಕರ್ ತೆಗೆದು, ಮತ್ತೆ ಲೇತಿಗೆ ಕಟ್ಟಿ, ಮತ್ತೆ ಲ್ಯಾಕರ್ ಕೊಡಬೇಕು. ಪ್ರತಿ ಸಲವೂ ಲೋಹ ಹೋಗೋದರಿಂದ ಆ ರಿಪೇರಿಯನ್ನೂ ಬೇಕಾದಷ್ಟು ಸಲ ಮಾಡೋಕಾಗಲ್ಲ.

ಈಗ ತೊಳೆಯೋದಕ್ಕೆ ಬರೋಣ. ಈ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ, ಹಚ್ಚೋದು ಕಾಲು ಪಾಲು. ಕಬ್ಬಿಣದ ಪುಡಿ ಕೂತಿರೋ ಮೈ ಮೇಲೆ ಸೀಲಂಟ್ ಹಚ್ಚಿದರೆ ತುಕ್ಕಿಗೆ ಹೊದಿಕೆ ಹೊದಿಸಿದ ಹಾಗೆ.

ಮೊದಲು ಚಕ್ರ ತಣ್ಣಗಿರಬೇಕು. ಅಂಗೈ ಹಿಂಭಾಗ ಇಟ್ಟು ನೋಡಿ, ಬೆಚ್ಚಗೆ ಅನ್ನಿಸಿದರೆ ಇನ್ನೂ ಕಾಯಿರಿ. ಬಿಸಿ ಚಕ್ರದ ಮೇಲೆ ಕೆಮಿಕಲ್ ಒಣಗಿ ಕಲೆಯಾಗುತ್ತೆ, ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಡಿಸ್ಕ್ ಸೊಟ್ಟಗಾಗೋ ಅಪಾಯವೂ ಇದೆ. ಬಿಸಿಲಿನಲ್ಲಿ ಬೇಡ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸೋಕೆ ಬರೀ ನೀರು. 5 ಲೀಟರಿಗೆ 10 ಮಿ.ಲೀ. ಕಾರ್ ಶಾಂಪೂ ಸಾಕಾಗುತ್ತೆ. ಚಕ್ರದ ಬಕೆಟ್ಟು, ಚಕ್ರದ ಬಟ್ಟೆ ಕಾರಿನ ಮೈಗೆ ತಾಗಬಾರದು. ಆ ಬಟ್ಟೆಯಲ್ಲಿ ಕಬ್ಬಿಣದ ಪುಡಿ ಇರುತ್ತೆ, ಬಾನೆಟ್ಟಿಗೆ ಅದು ಉಪ್ಪುಕಾಗದದ ಹಾಗೆ. ಒಂದು ಸಲಕ್ಕೆ ಒಂದೇ ಚಕ್ರ ಮುಗಿಸಿ, ಟೈರನ್ನೂ ಅದರ ಜೊತೆಗೇ ಉಜ್ಜಿ, ಆಮೇಲೆ ಮುಂದಿನದಕ್ಕೆ ಹೋಗಿ.

ಶಾಂಪೂವಿಗೆ ಹೋಗದೆ ಉಳಿದದ್ದಕ್ಕೆ ಐರನ್ ರಿಮೂವರ್. ಈ ಮುಂದಿನ ಚಕ್ರದ ಅರ್ಧಕ್ಕೆ ಮಾತ್ರ ಈಗ ಹೊಡೀತೀನಿ. ಬಾಟಲಿಯಲ್ಲಿ ನೀರಿನ ಹಾಗಿದೆ. ಅರ್ಧ ನಿಮಿಷ ನೋಡ್ತಿರಿ. ಸ್ಪೋಕಿನ ಬುಡದಲ್ಲಿ ನೇರಳೆ ಬಣ್ಣ ಕಾಣ್ತಾ ಇದೆ, ಈಗ ಅದು ನೇರಳೆಹಣ್ಣಿನ ರಸದ ಹಾಗೆ ಕೆಳಕ್ಕೆ ಇಳೀತಾ ಇದೆ. ಇದರಲ್ಲಿರೋ ಥಯೋಗ್ಲೈಕೊಲೇಟ್ ಅನ್ನೋ ಲವಣ ಕಬ್ಬಿಣವನ್ನ ಹಿಡಿದು ನೀರಿನಲ್ಲಿ ಕರಗೋ ಹಾಗೆ ಮಾಡುತ್ತೆ, ಆಗ ಬರೋ ಬಣ್ಣ ಇದು. ವಾಸನೆ ಮುಂದಿನ ಸಾಲಿನೋರಿಗೆ ಬಂದಿರಬೇಕು, ಕೊಳೆತ ಮೊಟ್ಟೆಯದು. ಪಾರ್ಲರಿನಲ್ಲಿ ಕೂದಲನ್ನ ಗುಂಗುರು ಮಾಡೋಕೆ ಬಳಸೋ ದ್ರಾವಣದಲ್ಲೂ ಇದೇ ಜಾತಿಯ ಲವಣ ಇರುತ್ತೆ, ಹಾಗಾಗಿ ಕೆಲವರಿಗೆ ಪರಿಚಯದ ವಾಸನೆ! ಗ್ಲೌಸ್ ಹಾಕಿಕೊಳ್ಳಿ, ಗಾಳಿ ಆಡೋ ಜಾಗದಲ್ಲಿ ಮಾಡಿ. ಒಂದು ಚಕ್ರಕ್ಕೆ 50ರಿಂದ 60 ಮಿ.ಲೀ., ಮೂರರಿಂದ ಐದು ನಿಮಿಷ, ಮೆತ್ತನೆ ಬ್ರಷ್ಷಿನಲ್ಲಿ ಕದಡಿ, ಒಣಗೋಕೆ ಬಿಡದೆ ತುಂಬ ನೀರಿನಲ್ಲಿ ತೊಳೀರಿ. ನೇರಳೆ ಜೋರಾಗಿ ಬಂದರೆ ಇನ್ನೊಂದು ಸಲ ಹೊಡೀರಿ, ಎರಡನೇ ಸಲ ಬಣ್ಣ ಬಹಳ ಕಡಿಮೆ ಬರಬೇಕು.

ಇದರ ಬದಲು ಆಸಿಡ್ ಹೊಡೆದರೆ ಒಂದೇ ಏಟಿಗೆ ಬೆಳ್ಳಗಾಗುತ್ತಲ್ಲ ಅಂತ ವಾಷಿಂಗ್ ಸೆಂಟರಿನ ಹುಡುಗರು ಕೇಳ್ತಾರೆ. ಆಗುತ್ತೆ, ಲ್ಯಾಕರಿನಲ್ಲಿ ಬಿರುಕಿದ್ದ ಕಡೆ ಒಳಗಿನ ಅಲ್ಯೂಮಿನಿಯಂ ಕೂಡ ಕರಗುತ್ತೆ. ಕಕ್ಕಸು ತೊಳೆಯೋ ಆಸಿಡ್ ಡಿಸ್ಕಿಗೆ ತಗುಲಿದರೆ ಅದೇ ಸಂಜೆಗೆ ಕೆಂಪು ತುಕ್ಕು. ಕೆಲವು ವೀಲ್ ಕ್ಲೀನರುಗಳಲ್ಲಿ ಹೈಡ್ರೋಫ್ಲೂರಿಕ್ ಆಸಿಡ್, ಇಲ್ಲಾ ಅದನ್ನೇ ಬಿಡುಗಡೆ ಮಾಡೋ ಬೈಫ್ಲೋರೈಡ್ ಇರುತ್ತೆ. ತೆಳುವಾಗಿದ್ದರೆ ಚರ್ಮಕ್ಕೆ ತಗುಲಿದ ಕೂಡಲೇ ಉರಿಯಲ್ಲ, ಗಂಟೆಗಟ್ಟಲೆ ಆದಮೇಲೆ ನೋವು ಶುರುವಾಗುತ್ತೆ, ಅಷ್ಟರಲ್ಲಿ ಅದು ಆಳಕ್ಕೆ ಇಳಿದಿರುತ್ತೆ. ಲೇಬಲ್ ಇಲ್ಲದ ಕ್ಯಾನಿನಿಂದ ಬಗ್ಗಿಸಿ ಹೊಡೆಯೋ ಜಾಗದಲ್ಲಿ ಚಕ್ರ ತೊಳೆಸಬೇಡಿ. ನಿಮ್ಮ ಚಕ್ರಕ್ಕಿಂತ ಆ ಹುಡುಗನ ಕೈಗೆ ಅಪಾಯ ಹೆಚ್ಚು.

ಡಾಂಬರಿನ ಚುಕ್ಕೆಗೆ ಟಾರ್ ರಿಮೂವರ್. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯೂ ಕೆಲಸ ಮಾಡುತ್ತೆ, ಆದರೆ ಜಿಡ್ಡು ಉಳಿಯುತ್ತೆ, ಟೈರಿಗೆ ತಾಗಬಾರದು, ಆಮೇಲೆ ಶಾಂಪೂವಿನಲ್ಲಿ ಚೆನ್ನಾಗಿ ತೊಳೀಬೇಕು. ಒಳಮೈಯಲ್ಲಿ ಬ್ಯಾಲೆನ್ಸಿಂಗಿಗೆ ಅಂಟಿಸಿರೋ ಸ್ಟಿಕ್ಕರ್ ತೂಕಗಳನ್ನ ಗಮನಿಸಿ. ಟಾರ್ ರಿಮೂವರ್ ಅದರ ಅಂಟಿಗೆ ಇಳಿದರೆ ತೂಕ ಬಿಟ್ಟುಕೊಂಡು ಎಲ್ಲೋ ಹೆದ್ದಾರಿಯಲ್ಲಿ ಉದುರುತ್ತೆ. ಆಮೇಲೆ 80 ಕಿಲೋಮೀಟರ್ ವೇಗ ದಾಟಿದಾಗ ಸ್ಟೀರಿಂಗ್ ನಡುಗಿದರೆ ಕಾರಣ ಯಾರಿಗೂ ಹೊಳೆಯಲ್ಲ.

ಕೋಲಾರ, ಚಿಕ್ಕಬಳ್ಳಾಪುರದ ಕಡೆಯೋರು, ಬೆಂಗಳೂರಿನಲ್ಲಿ ಬೋರ್‌ವೆಲ್ ನೀರಿನ ಬಡಾವಣೆಯೋರು, ನಿಮಗೆ ಇನ್ನೊಂದು ಕಾಟ ಇದೆ. ಗಡಸು ನೀರು ಒಣಗಿದಲ್ಲಿ ಸುಣ್ಣದ ಬಿಳೀ ಉಂಗುರ ಉಳಿಯುತ್ತೆ. ಲ್ಯಾಕರ್ ಸರಿಯಿರೋ ಚಕ್ರಕ್ಕೆ ವಿನಿಗರಿಗೆ ಅಷ್ಟೇ ನೀರು ಬೆರೆಸಿ ಒರೆಸಿ, ಒಂದು ನಿಮಿಷ ಬಿಟ್ಟು ತೊಳೀರಿ. ಲ್ಯಾಕರ್ ಇಲ್ಲದ ಅಲ್ಯೂಮಿನಿಯಂಗೆ ಇದು ಬೇಡ. ತೊಳೆದ ಕೂಡಲೇ ಒರೆಸಿದರೆ ಈ ತಾಪತ್ರಯವೇ ಬರಲ್ಲ.

ಇಷ್ಟಾದ ಮೇಲೂ ಬೆರಳಿಗೆ ಮರಳು ಮರಳಾಗಿ ಸಿಕ್ಕರೆ ಕ್ಲೇ ಬಾರ್, ಅಂದರೆ ಅಂಟಿದ ಕೊಳೆ ಎಳೆದು ತೆಗೆಯೋ ಜೇಡಿಯಂಥ ಮೆತ್ತನೆ ತುಂಡು. ಶಾಂಪೂ ನೀರು ಜಾರಿಸಿಕೊಂಡು, ಭಾರ ಹಾಕದೆ ಎಳೀರಿ. ಆ ತುಂಡನ್ನ ಮತ್ತೆ ಕಾರಿನ ಮೈಗೆ ಬಳಸಬೇಡಿ. ಪೂರ್ತಿ ಒಣಗಿಸಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಿಗೆ ಸಮ ನೀರು ಬೆರೆಸಿ ಒಂದು ಸಲ ಒರೆಸಿ. ಸೀಲಂಟಿಗೆ ಜಿಡ್ಡಿಲ್ಲದ ಮೈ ಬೇಕು. ನಟ್ಟಿನ ಗುಂಡಿಗಳಲ್ಲಿ ನೀರು ನಿಂತಿರುತ್ತೆ, ಹಚ್ಚುವಾಗ ಅದು ಇಳಿದು ಬಂದು ಎಲ್ಲ ಕೆಡಿಸುತ್ತೆ. ಗಾಳಿ ಹೊಡೆಯೋ ಬ್ಲೋವರ್ ಇಲ್ಲದಿದ್ದರೆ ಬಟ್ಟೆಯ ಮೂಲೆ ತುರುಕಿ ಹೀರಿಸಿ.

ಹಚ್ಚೋದರಲ್ಲಿ ಎಲ್ಲರೂ ಮಾಡೋ ತಪ್ಪು ಜಾಸ್ತಿ ಹಚ್ಚೋದು. ಒಂದು ಚಕ್ರದ ಮುಖಕ್ಕೆ ಅರ್ಧ ಟೀ ಚಮಚ ಸಾಕು. ಸ್ಪಂಜಿನ ಮೇಲೆ ಹಾಕಿಕೊಂಡು ಒಳಮೈ ಮೊದಲು, ಆಮೇಲೆ ಸ್ಪೋಕಿನ ಪಕ್ಕಗಳು, ಕೊನೆಗೆ ಮುಖ. ದಪ್ಪ ಹಚ್ಚಿದರೆ ಹೆಚ್ಚು ದಿನ ಬರಲ್ಲ, ಮೈಗೆ ಅಂಟೋದು ಅಡಿಯ ತೆಳು ಪದರ ಮಾತ್ರ, ಉಳಿದದ್ದು ನಿಮ್ಮ ಬಟ್ಟೆಗೆ. ಹದಿನೈದು ಇಪ್ಪತ್ತು ನಿಮಿಷಕ್ಕೆ ಮಂಜು ಕವಿದ ಹಾಗೆ ಆಗುತ್ತೆ. ಬೆರಳು ಎಳೆದು ನೋಡಿ: ಗೆರೆ ಸ್ಪಷ್ಟವಾಗಿ ಬಂದರೆ ಒರೆಸಬಹುದು, ಬೆರಳಿಗೆ ಮೆತ್ತಿಕೊಂಡರೆ ಇನ್ನೂ ಹಸಿ. ಮಳೆಗಾಲದ ಮಂಗಳೂರಿನಲ್ಲಿ ಇದಕ್ಕೆ ಹೆಚ್ಚು ಹೊತ್ತು ಬೇಕಾಗುತ್ತೆ. ಅಕ್ಷರ ಕೊರೆದ ಕಡೆ, ನಟ್ಟಿನ ಸುತ್ತ ಬೆಳ್ಳಗೆ ಉಳಿದದ್ದನ್ನ ಹಳೇ ಟೂತ್‌ಬ್ರಷ್ಷಿನಲ್ಲಿ ತೆಗೀರಿ. ಒಂದು ಗಂಟೆ ಬಿಟ್ಟು ಎರಡನೇ ಕೈ ಹಚ್ಚಿ. ಮೊದಲ ಕೈಯಲ್ಲಿ ಬಿಟ್ಟುಹೋದ ಜಾಗ ಆಗ ಸೇರುತ್ತೆ, ದಪ್ಪಕ್ಕಲ್ಲ. ಆಮೇಲೆ 12 ಗಂಟೆ ನೀರು ತಾಗಿಸಬೇಡಿ.

ಸೆರಾಮಿಕ್ ಇದಕ್ಕೆ ತಿರುವುಮುರುವು. ಅದು ಗಾಳಿಯ ತೇವವನ್ನೇ ಹೀರಿ ಗಟ್ಟಿಯಾಗುತ್ತೆ, ಹಾಗಾಗಿ ತೇವ ಹೆಚ್ಚಿದ್ದ ಕಡೆ ಬೇಗ ಒರೆಸಬೇಕು. ಒಂದೇ ಸಲಕ್ಕೆ ಒಂದು ಸ್ಪೋಕ್ ಮಾತ್ರ ಹಿಡೀರಿ. ತಡಮಾಡಿದರೆ ಕಾಮನಬಿಲ್ಲಿನ ತೇಪೆ ಗಟ್ಟಿಯಾಗಿ ಉಳಿಯುತ್ತೆ, ಪಾಲಿಶ್ ಹಾಕಿಯೇ ತೆಗೀಬೇಕು. 24 ಗಂಟೆ ನೀರು ಬೇಡ, ಒಂದು ವಾರ ಶಾಂಪೂ ಬೇಡ.

ಎಲ್ಲಿ ಹಚ್ಚಬಾರದು ಅನ್ನೋದನ್ನ ಬರೆದುಕೊಳ್ಳಿ. ಚಕ್ರ ಹಬ್ಬಿಗೆ (ಅಚ್ಚಿನ ತುದಿಯ ತಟ್ಟೆಗೆ) ಕೂರೋ ಚಪ್ಪಟೆ ಜಾಗ, ನಟ್ಟು ಕೂರೋ ಕುಳಿ, ಬೋಲ್ಟಿನ ಮರೆ (ತಿರುಪಿನ ಸುತ್ತುಗೆರೆ), ಟೈರಿನ ಅಂಚು ಕೂರೋ ಜಾಗ, ಇವ್ಯಾವಕ್ಕೂ ಮೇಣ, ಸೀಲಂಟ್, ಎಣ್ಣೆ ತಾಗಬಾರದು. ಮರೆಗೆ ಜಿಡ್ಡಿದ್ದರೆ ಅದೇ ಟಾರ್ಕಿಗೆ, ಅಂದರೆ ಅದೇ ತಿರುಗಿಸೋ ಬಲಕ್ಕೆ, ನಟ್ಟು ಇನ್ನೂ ಬಿಗಿಯಾಗಿ ಬೋಲ್ಟ್ ಹಿಗ್ಗುತ್ತೆ. ಡಿಸ್ಕಿಗೆ ಸೀಲಂಟಿನ ತುಂತುರು ಬಿದ್ದರೆ ಬ್ರೇಕ್ ಹಿಡಿತ ಕಡಿಮೆಯಾಗುತ್ತೆ. ಅದಕ್ಕೇ ಸ್ಪ್ರೇ ಆದರೆ ಬಟ್ಟೆಗೆ ಹೊಡೆದು ಬಟ್ಟೆಯಿಂದ ಹಚ್ಚಿ, ಚಕ್ರಕ್ಕೆ ನೇರ ಹೊಡೀಬೇಡಿ. ಬಿಚ್ಚಿದ ಚಕ್ರ ಹಾಕುವಾಗ ನಾಲ್ಕು ನಟ್ಟಾದರೆ ಎದುರುಬದುರು, ಐದಾದರೆ ನಕ್ಷತ್ರದ ಕ್ರಮದಲ್ಲಿ ಬಿಗೀರಿ. ಎಷ್ಟು ಬಿಗಿ ಅನ್ನೋದು ಕಾರಿನ ಮ್ಯಾನ್ಯುಯಲ್ಲಿನಲ್ಲಿದೆ, ಸಾಮಾನ್ಯ ಕಾರುಗಳಿಗೆ 85ರಿಂದ 130 ನ್ಯೂಟನ್ ಮೀಟರ್ ಒಳಗೆ ಬರುತ್ತೆ. ಜಾಕ್ ಮಾತ್ರ ನಂಬಬೇಡಿ, ಸ್ಟ್ಯಾಂಡ್ ಕೊಡಿ. 50ರಿಂದ 100 ಕಿಲೋಮೀಟರ್ ಓಡಿಸಿ ನಟ್ಟು ಮತ್ತೊಮ್ಮೆ ನೋಡಿ.

ಹಚ್ಚಿದ್ದನ್ನ ಉಳಿಸಿಕೊಳ್ಳೋದೂ ಒಂದು ಕೆಲಸ. ವಾಟರ್ ಸರ್ವಿಸ್ ಮಾಡಿಸಿದಾಗ ಕೆಳಗಡೆ ಡೀಸೆಲ್ ಹೊಡೀತಾರಲ್ಲ, ಅದು ಚಕ್ರಕ್ಕೆ ಬಿದ್ದರೆ ನಿಮ್ಮ ಸೀಲಂಟಿನ ಕಥೆ ಮುಗೀತು, ಜೊತೆಗೆ ಬ್ರೇಕಿಗೂ ಕೇಡು. ಬೇಡ ಅಂತ ಮೊದಲೇ ಹೇಳಿ. ಟೈರ್ ಪಾಲಿಶ್ ಜಾಸ್ತಿ ಹಾಕಿದರೆ ಗಾಡಿ ಓಡಿದ ಕೂಡಲೇ ರಿಮ್ಮಿಗೆ ಸಿಡಿದು ಧೂಳು ಹಿಡಿಯುತ್ತೆ.

ಆಯುಧಪೂಜೆಯ ವಿಷಯ ಯಾರೋ ಚೀಟಿಯಲ್ಲಿ ಕೇಳಿದ್ದಾರೆ. ಪೂಜೆ ಬೇಡ ಅನ್ನೋಕೆ ನಾನ್ಯಾರು! ಅರಿಶಿನದ ಕಲೆ ಬಿಸಿಲಿಗೆ ತಾನೇ ಮಾಸುತ್ತೆ. ಒದ್ದೆ ಕುಂಕುಮದ ಬಣ್ಣ ಹಾಗಲ್ಲ, ಸವೆದ ಲ್ಯಾಕರಿಗೆ ಇಳಿದರೆ ಬಿಡಲ್ಲ. ಚಕ್ರದ ಕೆಳಗಿನ ನಿಂಬೆಹಣ್ಣಿನ ರಸ ಸಿಡಿದರೆ ಅದೂ ಆಸಿಡ್ಡೇ. ಪೂಜೆಗೆ ಒಂದು ವಾರ ಮುಂಚೆ ಸೀಲಂಟ್ ಹಚ್ಚಿ, ಕುಂಕುಮವನ್ನ ಟೈರಿಗೆ ಇಡಿ, ಮಾರನೇ ಬೆಳಿಗ್ಗೆ ನೀರು ಹೊಡೀರಿ. ನಮ್ಮ ಹವೆಗೆ ಈ ಲೆಕ್ಕ ಚೆನ್ನಾಗಿ ಕೂರುತ್ತೆ: ಮೇ ಕೊನೆಯಲ್ಲಿ ಮಳೆಗೆ ಮುಂಚೆ ಒಂದು ಸಲ, ದಸರೆಗೆ ಒಂದು ಸಲ, ನಡುವೆ ತೊಳೆದಾಗ ಸ್ಪ್ರೇ ಸೀಲಂಟಿನ ಒಂದು ಕೈ. ಉಳಿದಿದೆಯೋ ಇಲ್ಲವೋ ತಿಳಿಯೋಕೆ ನೀರಿನ ಮಣಿ ನೋಡೋದಕ್ಕಿಂತ ಇದು ಒಳ್ಳೇ ಪರೀಕ್ಷೆ: ಕೊಳೆ ಚಕ್ರಕ್ಕೆ ಪೈಪಿನಿಂದ ಬರೀ ನೀರು ಹೊಡೆದು ನೋಡಿ, ಪುಡಿ ಮುಕ್ಕಾಲು ಪಾಲು ಹೋದರೆ ಪರದೆ ಇನ್ನೂ ಇದೆ.

ಎಲೆಕ್ಟ್ರಿಕ್ ಕಾರಿಗೂ ಇದೆಲ್ಲ ಬೇಕಾ ಅಂತ ಇನ್ನೊಂದು ಚೀಟಿ. ಅಲ್ಲಿ ಮೋಟಾರೇ ಜನರೇಟರ್ ಆಗಿ ಗಾಡಿಯ ವೇಗ ಇಳಿಸೋದರಿಂದ ಪ್ಯಾಡಿಗೆ ಕೆಲಸ ಕಡಿಮೆ, ಪುಡಿಯೂ ಕಡಿಮೆ. ಯುರೋಪಿನೋರು 2024ರಲ್ಲಿ ಒಪ್ಪಿದ ಯೂರೊ 7 ಅನ್ನೋ ವಾಹನ ಮಾಲಿನ್ಯ ನಿಯಮದಲ್ಲಿ ಮೊದಲ ಸಲ ಬ್ರೇಕಿನ ಪುಡಿಗೂ ಮಿತಿ ಹಾಕಿದ್ದಾರೆ, ಅದರಲ್ಲೂ ಎಲೆಕ್ಟ್ರಿಕ್ ಕಾರಿಗೆ ಪೆಟ್ರೋಲ್ ಕಾರಿಗಿಂತ ಬಿಗಿ ಮಿತಿ. ಉಪ್ಪು, ಡಾಂಬರು, ಬೋರ್‌ವೆಲ್ ನೀರು ಮಾತ್ರ ಎರಡಕ್ಕೂ ಒಂದೇ, ಹಾಗಾಗಿ ವರ್ಷಕ್ಕೆ ಎರಡು ಸಲ ಹಚ್ಚಿದರೆ ಸಾಕು.

ಮನೆಯಲ್ಲಿ ಈಗಾಗಲೇ ತಂದಿಟ್ಟ ಮೇಣದ ಡಬ್ಬಿ ಏನು ಮಾಡೋದು ಅಂತ ಕೇಳಿದೋರಿಗೆ: ಸ್ಟೆಪ್ನಿಗೆ ಹಚ್ಚಿ. ಇನ್ನೋವಾ, ಎರ್ಟಿಗಾದಂಥ ಗಾಡಿಗಳಲ್ಲಿ ಸ್ಟೆಪ್ನಿ ಕೆಳಗೆ ನೇತಾಡುತ್ತೆ, ಕೆಸರೆಲ್ಲ ಅದಕ್ಕೇ. ಅಲ್ಲಿ ಬ್ರೇಕಿನ ಶಾಖ ಇಲ್ಲ, ಉಜ್ಜಾಟ ಇಲ್ಲ, ಮೇಣ ತಿಂಗಳುಗಟ್ಟಲೆ ನಿಲ್ಲುತ್ತೆ, ಉಕ್ಕಿನ ರಿಮ್ಮಿನ ತುಕ್ಕನ್ನ ತಡೆಯುತ್ತೆ. ಮುಖಕ್ಕೆ, ಒಳಮೈಗೆ, ಗಾಳಿ ತುಂಬೋ ವಾಲ್ವಿನ ಸುತ್ತ ಹಚ್ಚಿ, ನಟ್ಟಿನ ಕುಳಿ ಬಿಡಿ. ಹೇಗೂ ಇಳಿಸಿದ್ದೀರಿ, ಮತ್ತೆ ಏರಿಸೋ ಮುಂಚೆ ಗಾಳಿ ಎಷ್ಟಿದೆ ನೋಡಿ.